ಸಮ್ಮೆಯ ಟೆಂಟಿನಲ್ಲಿ ಹಿಕ್ಕೆನೀರಿನ ಮಾತು

ತೆಲಂಗಾಣ ಚಳವಳಿಯ ಆ ದೊಡ್ಡ ಸಮ್ಮೆಯಲ್ಲಿ, ಅಂದರೆ ಮುಷ್ಕರದಲ್ಲಿ, ಬಸ್ಸುಗಳೆಲ್ಲ ಡಿಪೋ ಸೇರಿದವು. ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿದ್ದೆ. ಟಿಕೆಟ್ ಹರಿದು ಹರಿದು ರೂಢಿಯಾದ ಕೈಗೆ ಒಮ್ಮೆಲೇ ಕೆಲಸವಿಲ್ಲದಂತಾಯಿತು. ಬೆಳಿಗ್ಗೆ ಹೆದ್ದಾರಿಯ ಪಕ್ಕದ ಸಮ್ಮೆ ಟೆಂಟಿನಲ್ಲಿ ಕೂತು ಬರುವುದು, ಮಧ್ಯಾಹ್ನ ಮನೆ. ಹಾಗೆ ಮನೆಯಲ್ಲಿದ್ದಾಗಲೇ ಹಿತ್ತಲಿನ ನೀಲಿ ಡ್ರಮ್ಮಿನೊಳಗೆ ಏನಿದೆ ಎಂದು ನಾನು ಮೊದಲ ಸಲ ಬಗ್ಗಿ ನೋಡಿದ್ದು.

ಅದು ನಮ್ಮ ಅತ್ತೆಯದು, ನನ್ನ ಗಂಡನ ತಾಯಿಯದು. ಅವರು ಝರಾಸಂಗಂ ಕಡೆಯ ಕುರಿ ಸಾಕುವ ಮನೆತನದವರು. ತವರಿನಿಂದ ಚೀಲದಲ್ಲಿ ಕುರಿಹಿಕ್ಕೆ ತರಿಸುತ್ತಿದ್ದರು. ಅದನ್ನು ನೀರಿನಲ್ಲಿ ನೆನೆಹಾಕಿ, ಪಕ್ಕದ ಮನೆಯ ಆಕಳ ಗಂಜಲ, ಒಂದು ತುಂಡು ಬೆಲ್ಲ ಸೇರಿಸಿ ಕೊಳೆಸುತ್ತಿದ್ದರು. ಬದನೆ, ಟೊಮೆಟೊ, ಪುಂಡಿ ಸೊಪ್ಪು, ಮೆಂತ್ಯ, ಕೊತ್ತಂಬರಿ ಎಲ್ಲದಕ್ಕೂ ಅದೇ ನೀರು. ಕೋಲು ಹಾಕಿ ತಿರುವಿದರೆ ಬುರುಗು ಏಳುತ್ತಿತ್ತು. ಒಲೆಯೇ ಇಲ್ಲದೆ ಇದು ಹೇಗೆ ಕುದಿಯುತ್ತದೆ? ನನಗೆ ಅದನ್ನು ನೋಡುತ್ತ ನಿಲ್ಲುವ ಹುಚ್ಚು ಹಿಡಿಯಿತು.

ಅತ್ತೆ ಊರಿಗೆ ಹೋದಾಗ ವಾಸನೆ ತಾಳದೆ ಡ್ರಮ್ಮಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಟ್ಟೆ. ಮರುದಿನ ನೋಡಿದರೆ ಮುಚ್ಚಳ ಉಬ್ಬಿತ್ತು. ತೆಗೆಯಲು ಹೋದೆ, ಬುಸ್ಸೆಂದು ಹಾರಿದ ಕೊಳೆನೀರು ಮುಖ, ಕೈ, ಸೀರೆ ಎಲ್ಲವನ್ನೂ ತೋಯಿಸಿತು. ಸೋಪು ಹಚ್ಚಿ ಎಷ್ಟು ತೊಳೆದರೂ ಆ ವಾಸನೆ ಬಿಡಲಿಲ್ಲ. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ನಡುಮಧ್ಯಾಹ್ನ ಟೊಮೆಟೊ ಸಸಿಗಳಿಗೆ ಹಾಗೆಯೇ ಸುರಿದೆ. ಎಲೆಗಳ ಅಂಚು ಸುಟ್ಟಂತೆ ಕಪ್ಪಾಯಿತು.

ಅತ್ತೆ ಬಂದು ನೋಡಿ, "ಹಸಿಕೂಸಿಗಿ ಹೋಳಿಗಿ ತಿನಿಸಿದಂಗ ಮಾಡಿದಿ ನೋಡು" ಎಂದರು.

ಇದನ್ನು ನಾನು ಟೆಂಟಿನಲ್ಲಿ ಹೇಳಿಕೊಂಡೆ. ಆ ಟೆಂಟಿನಲ್ಲಿ ಎಲ್ಲ ಇಲಾಖೆಯವರೂ ಒಂದೇ ಜಮಖಾನೆಯ ಮೇಲೆ. ಘೋಷಣೆ ತೆಲುಗಿನಲ್ಲಿ, ಹರಟೆ ಮಾತ್ರ ಬಾಯಿಗೆ ಬಂದ ಭಾಷೆಯಲ್ಲಿ. ನನ್ನ ಎದುರಿಗೆ ಕೃಷಿ ಕಚೇರಿಯ ಒಬ್ಬರು ಕೂರುತ್ತಿದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಮಲ ಪರೀಕ್ಷೆ ಮಾಡುವ ಹೆಂಗಸು ಡ್ಯೂಟಿ ಮುಗಿಸಿ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಅವಳನ್ನು ನಾವೆಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು.

ಕೃಷಿ ಕಚೇರಿಯವರು ನಕ್ಕು, "ಅದು ಒಳಗ ಉಸುರು ಬಿಡ್ತದ್ರಿ ಅಕ್ಕಾ. ಗಾಳಿ ಎಲ್ಲಿಗಿ ಹೋಗಬೇಕು? ಮ್ಯಾಲ ಗೋಣಿಚೀಲ ಹೊಚ್ಚಿ ನೆಳ್ಳಾಗ ಇಡ್ರಿ. ಸಂಜಿಮುಂದ, ತೆಳ್ಳಗ ಚಹಾದ ಬಣ್ಣ ಬರೋತನಕ ನೀರು ಬೆರೆಸಿ ಬುಡಕ್ಕ ಹಾಕ್ರಿ. ಎಲಿ ಮ್ಯಾಲ ಹಾಕಬ್ಯಾಡ್ರಿ" ಎಂದರು.

ಆಪಾ ಬೇರೆಯೇ ಪ್ರಶ್ನೆ ಕೇಳಿದಳು. "ಆ ಮೆಂತ್ಯ ಹಸೀದೇ ತಿಂತೀರೇನು?"

ತಿನ್ನದೆ ಏನು? ಜೋಳದ ರೊಟ್ಟಿ, ಖಾರದ ಹಿಂಡಿ, ಪಕ್ಕಕ್ಕೆ ಒಂದು ಹಿಡಿ ಹಸಿ ಮೆಂತ್ಯ. ಅತ್ತೆಗಂತೂ ಅದಿಲ್ಲದೆ ಊಟವಿಲ್ಲ.

"ಹಿಕ್ಕಿನಾಗ ಹೊಟ್ಟಿ ಕೆಡಿಸೋ ಕ್ರಿಮಿನೂ ಇರ್ತಾವ್ರಿ" ಎಂದಳು.

"ಬೆಲ್ಲ ಹಾಕಿ ಕೊಳಸ್ತೀವಲ್ಲ, ಸಾಯಂಗಿಲ್ಲೇನು?"

"ಬೆಲ್ಲ ಯಾರಿಗಿ ಬ್ಯಾಡ? ಒಳ್ಳೇವೂ ತಿಂತಾವ, ಕೆಟ್ಟವೂ ತಿಂತಾವ."

ನಾನು ಇದುವರೆಗೆ ಬೆಲ್ಲವನ್ನು ಗಿಡಕ್ಕೆ ಕೊಡುವ ಸಿಹಿ ಎಂದೇ ತಿಳಿದಿದ್ದೆ. ಆ ಬುರುಗಿನಲ್ಲಿ ಬೆಲ್ಲ ತಿನ್ನುತ್ತಿರುವವರು ಯಾರು ಯಾರು ಎಂದು ಯೋಚಿಸುತ್ತಲೇ ಮನೆಗೆ ಬಂದೆ. ಅತ್ತೆಗೆ ಹೇಳಿದರೆ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ನಮ್ಮ ಮನ್ಯಾಗ ಹಿಕ್ಕಿನಾಗೇ ಕೂಸುಗಳು ಅಂಬೆಗಾಲಿಟ್ಟಾವ. ಯಾರಿಗೇನಾಗ್ಯಾದ?"

"ಹೊಟ್ಟಿ ಕೆಟ್ಟು ಮಲಗಿಲ್ಲೇನು ಯಾರೂ?"

"ಮಳಿಗಾಲದಾಗ ಎಲ್ಲಾರಿಗೂ ಕೆಡ್ತದ. ಅದು ಮಳೀದು."

"ಮಳೀದೋ ಪಲ್ಯದ್ದೋ, ಅತ್ತಿ?"

ಅತ್ತೆ ರೊಟ್ಟಿ ತಿರುವಿ ಹಾಕಿದರು. "ಯಾರು ನೋಡ್ಯಾರ" ಎಂದರು. ಆದರೆ ಊಟಕ್ಕೆ ಕೂತಾಗ ಹಿತ್ತಲಿಗೆ ಹೋಗಿ ಮೆಂತ್ಯ ಕಿತ್ತು ತಂದೇ ತಂದರು. ನನಗೆ ಸಿಟ್ಟು ಬಂತು.

ಆ ವಾರದಲ್ಲೇ ರಸ್ತೆ ತಡೆದು, ಅದರ ಮೇಲೆ ಅಡುಗೆ ಮಾಡಿ ಎಲ್ಲರೂ ಅಲ್ಲೇ ಕೂತು ಉಣ್ಣುವ ಕಾರ್ಯಕ್ರಮ ಬಂತು. ಸಮ್ಮೆಯವರು ಮನೆ ಮನೆಯಿಂದ ಕಾಯಿಪಲ್ಯ ಕೇಳಿದರು. ಅತ್ತೆ ಬುಟ್ಟಿ ತುಂಬ ಬದನೆಕಾಯಿ, ಪುಂಡಿ, ಮೇಲೊಂದು ದೊಡ್ಡ ಕಟ್ಟು ಕೊತ್ತಂಬರಿ ಇಟ್ಟುಕೊಂಡು ನನ್ನ ಜೊತೆ ಹೊರಟರು. ಬದನೆ, ಪುಂಡಿಯ ಬಗ್ಗೆ ನನಗೆ ಚಿಂತೆ ಇರಲಿಲ್ಲ, ಚೆನ್ನಾಗಿ ಬೇಯುತ್ತವೆ. ಹಸಿಯಾಗಿಯೇ ಉದುರಿಸುವ ಕೊತ್ತಂಬರಿ ಬೇಡವೆಂದು ಹೇಳಲು ಬಾಯಿ ಬರಲಿಲ್ಲ. ತಾವು ಬೆಳೆದದ್ದನ್ನು ಇಷ್ಟು ಜನ ಉಣ್ಣುತ್ತಾರೆಂದು ಅವರು ಒಳ್ಳೆಯ ಸೀರೆ ಉಟ್ಟಿದ್ದರು.

ಹೆದ್ದಾರಿಯಲ್ಲಿ ಲಾರಿಗಳು ನಿಂತಿದ್ದವು. ನಡುರಸ್ತೆಯಲ್ಲಿ ಕಲ್ಲಿನ ಒಲೆಗಳು, ದೊಡ್ಡ ಡೇಗು ಪಾತ್ರೆಗಳು. ಪುಂಡಿ ಹಾಕಿದ ಬೇಳೆ ಬೆಂದಿತ್ತು. ಅಡುಗೆಯವನು ಉರಿಯುವ ಸೌದೆ ಹೊರಗೆಳೆದು, ಹೆಚ್ಚಿದ ಕೊತ್ತಂಬರಿಯನ್ನು ಮೇಲೆ ಉದುರಿಸಲು ಎರಡೂ ಕೈಯಲ್ಲಿ ತುಂಬಿಕೊಂಡ. ನಾನು ಎದ್ದೆ. ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು.

"ತಡಿಯಪ್ಪ. ಉರಿ ಆರಿಸಬ್ಯಾಡ. ಅದನ್ನ ಒಳಗ ಹಾಕು, ಛಂದಂಗೆ ಕುದೀಲಿ."

"ಘಮ ಹೋಗ್ತದವ್ವ."

"ಹೋದ್ರ ಹೋಗ್ಲಿ. ನಮ್ಮ ಸೊಸಿಗಿ ಅನುಮಾನ ಅದ."

ಸುತ್ತಲಿದ್ದವರು ನಕ್ಕರು. ನನಗೆ ನಾಚಿಕೆಯಾಯಿತು, ಜೊತೆಗೆ ಎದೆಯೂ ಹಗುರಾಯಿತು. ಕೊತ್ತಂಬರಿ ಬೇಳೆಯಲ್ಲಿ ಕುದಿದು ಬಣ್ಣಗೆಟ್ಟಿತು. ಉಣ್ಣುವಾಗ ಅತ್ತೆ ಬೇಕೆಂದೇ ಆಪಾಳ ಪಕ್ಕಕ್ಕೆ ಹೋಗಿ ಕೂತರು.

"ಕುದಿಸಿದ್ರ ಅವು ಸಾಯ್ತಾವೇನವ್ವಾ?"

"ಸಾಯ್ತಾವ್ರಿ ಅಮ್ಮಾ."

ಅತ್ತೆ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಕೆಳಗಿಳಿಸಿದರು. "ಹಂಗಂದ್ರ, ಇದ್ದವು ಅಂತ ಆತಲ್ಲ" ಎಂದರು.

ಆಮೇಲೆ ಯಾರೂ ಅವರಿಗೆ ಏನೂ ಹೇಳಬೇಕಾಗಲಿಲ್ಲ. ಹಸಿಯಾಗಿ ತಿನ್ನುವ ಮೆಂತ್ಯ, ಕೊತ್ತಂಬರಿ, ಉಳ್ಳಾಗಡ್ಡಿ ತಪ್ಪಲಿಗೆ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಹೊಸ ಮಡಿ ಮಾಡಿದರು. ಅಲ್ಲಿಗೆ ಡ್ರಮ್ಮಿನ ನೀರು ಹೋಗಬಾರದು. ಪೂರ್ತಿ ಕಳಿತು ಮಣ್ಣಾದ ತಿಪ್ಪೆಗೊಬ್ಬರವನ್ನು ಬಿತ್ತುವುದಕ್ಕೆ ಎಷ್ಟೋ ಮುಂಚೆಯೇ ಮಣ್ಣಿಗೆ ಬೆರೆಸಬೇಕು, ಅಷ್ಟೇ. ಬದನೆಯ ಬುಡಕ್ಕೆ ಡ್ರಮ್ಮಿನ ನೀರು ಹಾಕುವುದನ್ನೂ ಕಾಯಿ ಬಿಡತೊಡಗಿದ ಮೇಲೆ ನಿಲ್ಲಿಸಿದರು. ಡ್ರಮ್ಮಿನ ಚೊಂಬನ್ನು ಕುಡಿಯುವ ನೀರಿನ ಹತ್ತಿರ ತಂದರೆ ನನ್ನ ಗಂಡನಿಗೂ ಬೈಗುಳ ತಪ್ಪಲಿಲ್ಲ.

ಸಮ್ಮೆ ಮುಗಿದು ನಾನು ಮತ್ತೆ ಬಸ್ಸು ಹತ್ತಿದೆ. ಆ ಚಳಿಗಾಲ ನಾವಿಬ್ಬರೂ ಸೇರಿ ಬದನೆಯ ಒಂದು ಸಾಲಿಗೆ ಹಿಕ್ಕೆನೀರು, ಪಕ್ಕದ ಸಾಲಿಗೆ ಬರೀ ನೀರು ಹಾಕಿ ನೋಡಿದೆವು. ಹಿಕ್ಕೆನೀರಿನ ಗಿಡಗಳು ಎತ್ತರ ಬೆಳೆದವು, ಎಲೆ ಅಗಲವಾದವು. ಕಾಯಿ ಮಾತ್ರ ಎರಡೂ ಸಾಲಿಗೆ ಸರಿಸುಮಾರು ಒಂದೇ. ಹಾಗೇಕೆ ಎಂದು ಕೃಷಿ ಕಚೇರಿಯವರನ್ನು ಬಸ್ಸಿನಲ್ಲೇ ಕೇಳಿದೆ. ಅವರು ಮಣ್ಣು ಎಂದರು, ಬಿಸಿಲು ಎಂದರು, ಕೊನೆಗೆ ಗೊತ್ತಿಲ್ಲ ಎಂದರು. ಮನೆಗೆ ಬಂದು ಅತ್ತೆಗೆ ಹೇಳಿದೆ.

"ಅವರಿಗೂ ಗೊತ್ತಿಲ್ಲಂತೇನು?" ಎಂದು ಅತ್ತೆ ಖುಷಿಯಿಂದಲೇ ಕೇಳಿದರು. "ಹಂಗಾದ್ರ ಮುಂದಿನ ಸಲ ಸಾಲು ಬದಲು ಮಾಡಿ ನೋಡೂಣು."