ಕ್ಲಾಟನ್‌ಗೆ ನೂರಾ ಹನ್ನೆರಡು ಓಟು

ನನ್ನ ತಂಗಿಯ ಗಂಡ ಇಂದ್ರೇಶನನ್ನು ಎದುರಿಗೆ ‘ನೀವು’ ಎಂದೇ ಮಾತಾಡಿಸುತ್ತೇನೆ. ಬರೆಯುವಾಗ ಆ ಬಹುವಚನ ಕೈಗೆ ಬರುವುದಿಲ್ಲ. ಬರದಿದ್ದರೆ ನಷ್ಟವೇನೂ ಇಲ್ಲ.

ಅವನು ರಾಣೆಬೆನ್ನೂರಿನವನು, ತಂಗಿ ಪ್ರಾರ್ಥನಾ ಮತ್ತು ನಾನು ದಾವಣಗೆರೆಯವರು. ಮಾಸ್ಟರ್ಸ್ ಮಾಡಲೆಂದು ಮೆಲ್ಬರ್ನ್‌ಗೆ ಬಂದು, ಎರಡು ವರ್ಷ ಪೆಟ್ರೋಲ್ ಬಂಕಿನಲ್ಲಿ ದುಡಿದು, ಕಾಯಂ ನೆಲೆಸಲು ಬೇಕಾದ ಪಿಆರ್ ಸಿಕ್ಕ ವರ್ಷವೇ ಪ್ರಾರ್ಥನಾಳನ್ನು ಮದುವೆಯಾದ. ಅಲ್ಲಿಯವರೆಗೆ ಅವನ ಬಗ್ಗೆ ನನಗೆ ಗೌರವವಿತ್ತು. ಆಮೇಲೆ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋದರು, ನಾನು ಮೆಲ್ಬರ್ನ್‌ನಲ್ಲೇ ಉಳಿದೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ಕೆಲಸ ಅದು. ಆಫೀಸು ಬಿಟ್ಟ ಮೇಲೂ ಅವನು ಅದನ್ನು ಸಂಬಳವಿಲ್ಲದೆ ಮುಂದುವರಿಸುತ್ತಿದ್ದ. ನಮ್ಮವರ ಹೋಟೆಲುಗಳಿರುವ ಹ್ಯಾರಿಸ್ ಪಾರ್ಕ್‌ನ ದೋಸೆಗೆ ಹುಳಿ ಸಾಲದು, ಕನ್ನಡ ಸಂಘದವರ ಇಂಗ್ಲಿಷ್ ಸರಿಯಿಲ್ಲ, ಪ್ರಾರ್ಥನಾ ಕೆಲಸ ಮಾಡುವ ಫಾರ್ಮಸಿಯವರಿಗೆ ಬುದ್ಧಿಯಿಲ್ಲ.

“ಈ ಜನಕ್ಕೆ ಮಾರ್ಟ್‌ಗೇಜ್ ರೇಟು, ಸ್ಕೂಲ್ ಝೋನು ಎರಡು ಬಿಟ್ರೆ ಮೂರನೇ ಸಬ್ಜೆಕ್ಟೇ ಇಲ್ಲ ಅಕ್ಕ,” ಎನ್ನುತ್ತಿದ್ದ.

ಅವನ ಮೂರನೇ ಸಬ್ಜೆಕ್ಟು ಬ್ರಿಟಿಷರ ಹಳೆಯ ಉಗಿ ರೈಲು ಎಂಜಿನ್. ಅದು ಶುರುವಾದದ್ದು ಲಾಕ್‌ಡೌನಿನಲ್ಲಿ, ಮನೆಯಲ್ಲಿ ಕೂತು ಬೇಜಾರಾಗಿ ವಿಡಿಯೊ ನೋಡುತ್ತಾ. ಒಂದು ವರ್ಷ ಕಳೆಯುವಷ್ಟರಲ್ಲಿ ‘ಚಿಕ್ಕಂದಿನಿಂದಲೂ ನನಗಿದರ ಹುಚ್ಚು’ ಎಂದು ಹೇಳಿಕೊಳ್ಳತೊಡಗಿದ. ಇಂಗ್ಲೆಂಡಿನಲ್ಲಿ ಹಿಂದೆ ನೂರಾರು ಮಾದರಿಯ ಎಂಜಿನ್‌ಗಳಿದ್ದವಂತೆ. ಕೆಲವನ್ನು ಮ್ಯೂಸಿಯಮ್ಮಿನಲ್ಲಿ ಉಳಿಸಿಕೊಂಡರು. ಕೆಲವು ಮಾದರಿಗಳಲ್ಲಿ ಒಂದನ್ನೂ ಬಿಡದೆ ಗುಜರಿಗೆ ಹಾಕಿದರು. ಇಂದ್ರೇಶನಿಗೆ ಈ ಗುಜರಿಗೆ ಹೋದವೇ ಬೇಕು. ಇರುವ ಎಂಜಿನ್ನನ್ನು ಯಾರು ಬೇಕಾದರೂ ಹೋಗಿ ಮುಟ್ಟಿ ನೋಡಬಹುದು. ಇಲ್ಲದ್ದರ ಬಗ್ಗೆ ಮಾತಾಡಿದರೆ ತಪ್ಪು ಹಿಡಿಯುವವರು ಕಡಿಮೆ.

ಇಂಥದೇ ಜನರ ಒಂದು ಕ್ಲಬ್ಬು ಸಿಡ್ನಿಯಲ್ಲೂ ಮೆಲ್ಬರ್ನ್‌ನಲ್ಲೂ ಇದೆ. ಬಹುಪಾಲು ನಿವೃತ್ತ ಗಂಡಸರು. ಎಷ್ಟೋ ಜನರ ತಂದೆ, ಅಜ್ಜಂದಿರು ಇಂಗ್ಲೆಂಡಿನಿಂದ ಬಂದವರು. ಇಂದ್ರೇಶ ಸದಸ್ಯನಾಗಿ, ಅವರ ವೆಬ್‌ಸೈಟ್ ಸರಿಮಾಡಿಕೊಟ್ಟು, ಆರೇ ತಿಂಗಳಲ್ಲಿ ಕಾರ್ಯದರ್ಶಿಯಾದ. ತನ್ನ ಅಜ್ಜ ಹುಬ್ಬಳ್ಳಿಯಲ್ಲಿ ಎಂಜಿನ್ ಡ್ರೈವರ್ ಆಗಿದ್ದರೆಂದು ಅವರಿಗೆ ಹೇಳಿದ್ದ. ಅವನ ಅಜ್ಜನಿಗೆ ರಾಣೆಬೆನ್ನೂರಿನಲ್ಲಿ ಹಿಟ್ಟಿನ ಗಿರಣಿ ಇತ್ತು. ಅಲ್ಲೊಂದು ಎಂಜಿನ್ ಇದ್ದದ್ದಂತೂ ನಿಜ.

ಹೋದ ವರ್ಷ ಕ್ಲಬ್ಬಿನವರು ಒಂದು ಓಟಿಂಗ್ ಇಟ್ಟರು. ಗುಜರಿಗೆ ಹೋದ ಮಾದರಿಗಳಲ್ಲಿ ನಿಮ್ಮ ಮೆಚ್ಚಿನದು ಯಾವುದು, ಯಾಕೆ? ಸದಸ್ಯರ ಜೊತೆಗೆ ಅವರ ಸ್ನೇಹಿತರೂ ಓಟು ಹಾಕಬಹುದು, ವೆಬ್‌ಸೈಟಿನಲ್ಲಿ ಅವನ್ನು ಸೇರಿಸುವುದು ಇಂದ್ರೇಶನ ಕೆಲಸ. ಬಹುಮಾನವಿಲ್ಲ, ಏನೂ ಇಲ್ಲ. ಗೆದ್ದ ಎಂಜಿನ್ನಿನ ಚಿತ್ರವನ್ನು ಟೀ ಮಗ್‌ಗಳ ಮೇಲೆ ಅಚ್ಚು ಹಾಕಿಸುತ್ತಾರೆ, ಅಷ್ಟೆ. ಮುಖ್ಯ ಪೈಪೋಟಿ ಕ್ಲಾಡ್ ಹ್ಯಾಮಿಲ್ಟನ್ ಎಂಬ ನೀಲಿ ಎಂಜಿನ್ನಿನದು. ಇಂದ್ರೇಶನ ಆಯ್ಕೆ ಕ್ಲಾಟನ್ ಎಂಬ ಕರಿಯದು. ಎರಡಕ್ಕೂ ಇಟ್ಟದ್ದು ಅವುಗಳ ರೈಲ್ವೆ ಕಂಪನಿಯ ಚೇರ್ಮನ್ನರ ಹೆಸರು. ನೂರು ವರ್ಷದ ಹಿಂದಿನ ಇಬ್ಬರು ಚೇರ್ಮನ್ನರಿಗಾಗಿ ಎರಡು ತಿಂಗಳು ಇಮೇಲಿನಲ್ಲಿ ಜಗಳ ನಡೆಯಿತು.

“ಹ್ಯಾಮಿಲ್ಟನ್‌ಗೆ ಓಟು ಹಾಕೋರು ಬಣ್ಣ ನೋಡೋರು ಅಕ್ಕ. ಕ್ಲಾಟನ್ ಅರ್ಥ ಆಗ್ಬೇಕು ಅಂದ್ರೆ ಸ್ವಲ್ಪ ಟೇಸ್ಟ್ ಬೇಕು,” ಎಂದು ಫೋನಿನಲ್ಲಿ ನನಗೆ ವಿವರಿಸಿದ. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಹೂಂಗುಟ್ಟಿದೆ.

ಫಲಿತಾಂಶ ಹೇಳುವ ಸಭೆ ಮೆಲ್ಬರ್ನ್‌ನಲ್ಲಿತ್ತು. ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಬಂದಿಳಿದ, ವಿಮಾನದಲ್ಲಿ. ರೈಲಿನಲ್ಲಿ ಯಾಕೆ ಬರಲಿಲ್ಲ ಎಂದು ಕೇಳಿದೆ. “ಹನ್ನೊಂದು ಗಂಟೆ ಯಾರು ಕೂತ್ಕೋತಾರೆ,” ಎಂದ.

ಶನಿವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಾಡಿದ್ದೆ. ತಿನ್ನುತ್ತಲೇ ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದ. ಒಟ್ಟು ನೂರಾ ಅರವತ್ತಮೂರು ಓಟು. ಕ್ಲಾಟನ್‌ಗೆ ನೂರಾ ಹನ್ನೆರಡು.

“ನೋಡಿ ಅಕ್ಕ, ಎಷ್ಟು ಜನರನ್ನ ತಲುಪಿದೀನಿ. ಪರ್ತ್‌ನಿಂದ ಓಟು ಬಂದಿದೆ, ಇಂಡಿಯಾದಿಂದ ಬಂದಿದೆ.”

ನಾನು ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿಗೆ ಕೆಲಸ ಮಾಡುತ್ತೇನೆ. ಜನರ ಕಾರ್ಡುಗಳನ್ನು ಕಳ್ಳರು ಬಳಸುತ್ತಿದ್ದಾರೋ ಎಂದು ನೋಡುವುದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಅದನ್ನೇ ನೋಡಿರುವ ಕಣ್ಣು, ಹಾಗಾಗಿ ಮೊದಲು ಹೋದದ್ದು ಓಟು ಬಿದ್ದ ಸಮಯದ ಮೇಲೆ. ಒಂದು ಮಂಗಳವಾರ ಹತ್ತೂವರೆಯಿಂದ ಮೂರು ಗಂಟೆಯವರೆಗೆ ಎರಡೆರಡು ನಿಮಿಷಕ್ಕೊಂದು ಓಟು. ಹನ್ನೆರಡೂವರೆಯಿಂದ ಒಂದು ಗಂಟೆಯವರೆಗೆ ಮಾತ್ರ ಒಂದೂ ಇಲ್ಲ. ಪರ್ತ್‌ನವರು, ಇಂಡಿಯಾದವರು ಎಲ್ಲರೂ ಸಿಡ್ನಿಯ ಊಟದ ಹೊತ್ತಿಗೇ ಊಟಕ್ಕೆ ಎದ್ದಿದ್ದರು.

ಆಮೇಲೆ ಹೆಸರುಗಳನ್ನು ಓದಿದೆ. ಹ್ಯಾರಿಸ್ ಪಾರ್ಕ್‌ನಲ್ಲಿ ಹೋಳಿಗೆ ಮಾಡಿ ಮಾರುವ ರತ್ನವ್ವ ಆಂಟಿ. ಮೊಮ್ಮಗಳನ್ನು ನೋಡಲು ಬಂದಿದ್ದ ಈರಯ್ಯ ಅಂಕಲ್, ಇಂಗ್ಲಿಷಿನಲ್ಲಿ ಸಹಿಯನ್ನೂ ಮಾಡದವರು. ಅವನ ತಾಯಿ ಅನ್ನಪೂರ್ಣವ್ವ, ರಾಣೆಬೆನ್ನೂರು. ಅವರಿಗೆ ಇಮೇಲ್ ಎಂಬುದೇ ಇಲ್ಲ, ಇವನೇ ಒಂದು ತೆರೆದಿದ್ದ. ಸಂಘದ ಯುಗಾದಿ ಊಟಕ್ಕೆ ಹೆಸರು ಕೊಟ್ಟವರ ಪಟ್ಟಿ ಇವನ ಬಳಿ ಇತ್ತು. ಆ ಪಟ್ಟಿಯಲ್ಲಿದ್ದವರೆಲ್ಲ ಇಲ್ಲಿದ್ದರು. ಹಪ್ಪಳದ ಪಕ್ಕ ಕೂತವರೆಲ್ಲ ಈಗ ಬ್ರಿಟಿಷ್ ಎಂಜಿನ್ನಿನ ಅಭಿಮಾನಿಗಳು. ಪ್ರತಿಯೊಬ್ಬರ ಹೆಸರಿನ ಮುಂದೆ ಕಾರಣವನ್ನೂ ಬರೆದಿದ್ದ. ರತ್ನವ್ವ ಆಂಟಿಯದು: ‘ಇದರ ಬಾಯ್ಲರ್‌ನ ಗಾಂಭೀರ್ಯ ಬೇರೆ ಯಾವುದಕ್ಕೂ ಇಲ್ಲ.’

ಕೆಳಗೆ ನನ್ನ ಹೆಸರಿತ್ತು. ಭಾಗೀರಥಿ, ಮೆಲ್ಬರ್ನ್. ‘ನನ್ನ ತಂದೆ ಹತ್ತಿ ಗಿರಣಿಯ ಕಾರ್ಮಿಕರಾಗಿದ್ದರು. ಮಗ್ಗಗಳ ಸದ್ದಿಗೆ ಅವರ ಕಿವಿ ಹೋಯಿತು. ಈ ಎಂಜಿನ್ ನೋಡಿದಾಗಲೆಲ್ಲ ದುಡಿದು ಮರೆಯಾದವರು ನೆನಪಾಗುತ್ತಾರೆ.’

ಅಪ್ಪನ ಕಿವಿ ಹೋದದ್ದು ನಿಜ. ಮದುವೆಯಾದ ಹೊಸತರಲ್ಲಿ ಇದೇ ಮನೆಯಲ್ಲಿ ಅವನಿಗೆ ಅದನ್ನು ಹೇಳಿದವಳು ನಾನೇ. ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

“ನನ್ನ ಹೆಸರಲ್ಲಿ ಓಟು ಹಾಕಿದ್ದು ಯಾರು, ಇಂದ್ರೇಶ್?”

ಅವನು ಇನ್ನೊಂದು ಚಮಚ ಮಂಡಕ್ಕಿ ಬಾಯಿಗಿಟ್ಟುಕೊಂಡ. “ಅದು ರೆಪ್ರೆಸೆಂಟೇಟಿವ್ ಅಕ್ಕ. ನಿಮಗೆ ವಿಷಯ ಎಕ್ಸ್‌ಪ್ಲೇನ್ ಮಾಡಿದ್ರೆ ನೀವು ಕ್ಲಾಟನ್‌ಗೇ ಹಾಕ್ತಿದ್ರಿ.”

“ನಮ್ಮಪ್ಪನ್ನ ಯಾಕೆ ತಂದ್ರಿ ಇದಕ್ಕೆ?”

“ನಾನು ರೆಸ್ಪೆಕ್ಟ್‌ನಿಂದಾನೇ ಬರೆದಿದ್ದು. ಸ್ವಲ್ಪ ಚಟ್ನಿಪುಡಿ ಇದೆಯಾ?”

ಚಟ್ನಿಪುಡಿ ಕೊಟ್ಟೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಕೊಟ್ಟು, “ನೀವೇ ಹೋಗಿ ಅವರಿಗೆ ನಿಜ ಹೇಳಿಬಿಡಿ, ಒಳ್ಳೇದು,” ಎಂದೆ. “ನೋಡೋಣ,” ಎಂದ.

ಅವನನ್ನು ಸಭೆಗೆ ಕಾರಿನಲ್ಲಿ ಬಿಡಲು ಹೋದವಳು ವಾಪಸ್ಸು ಬಾರದೆ ಹಿಂದಿನ ಸಾಲಿನಲ್ಲಿ ಕೂತೆ. ಲೈಬ್ರರಿಯೊಂದರ ಹಿಂದಿನ ಸಭಾಂಗಣ. ಮೂವತ್ತು ಜನ ಇದ್ದಿರಬಹುದು. ಜಾಕೆಟ್ಟಿನ ತುಂಬ ಬ್ಯಾಡ್ಜು ಚುಚ್ಚಿಕೊಂಡ ಮುದುಕರು ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡು, ಯಾವ ಚಕ್ರ ಎಷ್ಟು ಅಗಲವಿತ್ತೆಂದು ವಾದಿಸುತ್ತಿದ್ದರು. ಆ ಎಂಜಿನ್‌ಗಳಿಗೆ ಕಲ್ಲಿದ್ದಲು ಎಸೆದವರ ಹೆಸರು ಅವರಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ. ಇಂದ್ರೇಶ ಅವರ ನಡುವೆ ಓಡಾಡುತ್ತಾ, ಉಚ್ಚಾರಣೆ ತಿದ್ದುತ್ತಾ, ಇಂಗ್ಲಿಷರಿಗಿಂತ ಹೆಚ್ಚು ಇಂಗ್ಲಿಷನಾಗಿ ನಗುತ್ತಿದ್ದ. ನಿಜ ಹೇಳುವ ಲಕ್ಷಣ ಅವನ ಮುಖದ ಮೇಲೆ ಎಲ್ಲೂ ಇರಲಿಲ್ಲ.

ಅಧ್ಯಕ್ಷ ನೆವಿಲ್ ಎಂಬ ಮಾಜಿ ಟ್ರಾಮ್ ಡ್ರೈವರ್. ಎಪ್ಪತ್ತೈದು ದಾಟಿದ ಮನುಷ್ಯ. ಕ್ಲಾಟನ್ ಗೆದ್ದಿದೆ ಎಂದು ಘೋಷಿಸಿ, ಬಂದ ಕಾರಣಗಳಲ್ಲಿ ಒಂದು ತಮ್ಮ ಮನಸ್ಸನ್ನು ಬಹಳ ತಟ್ಟಿತು ಎಂದರು. ಕನ್ನಡಕ ಏರಿಸಿಕೊಂಡು ಓದಿದರು. ಅದು ನಮ್ಮಪ್ಪನ ಕಿವಿಯ ಕಥೆ.

“ಇದನ್ನು ಬರೆದ ಮಹಿಳೆ ಇಂದು ನಮ್ಮ ನಡುವೆ ಇದ್ದಾರೆಂದು ಈಗಷ್ಟೇ ತಿಳಿಯಿತು,” ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಕಡೆ ಕೈ ಚಾಚಿದರು. ಬಾಗಿಲಲ್ಲಿ ಹೆಸರು ಬರೆಸಿಕೊಂಡಿದ್ದರಲ್ಲ. “ತಂದೆಯವರ ಬಗ್ಗೆ ಎರಡು ಮಾತು ಹೇಳುತ್ತೀರಾ?”

ಇಂದ್ರೇಶ ನನ್ನತ್ತ ನೋಡಿದ. ಅಕ್ಕ, ಹೇಳಿಬಿಡಿ, ಎರಡು ಮಾತು ತಾನೆ, ಎನ್ನುವಂಥ ನೋಟ. ನಾನು ಎದ್ದು ನಿಂತೆ, ಮುಂದೆ ಹೋಗಲಿಲ್ಲ.

“ನನ್ನ ತಂದೆಯ ಬಗ್ಗೆ ಬರೆದಿರುವುದು ನಿಜ,” ಎಂದೆ. “ಆದರೆ ಬರೆದದ್ದು ನಾನಲ್ಲ. ನಾನು ಓಟು ಹಾಕಿಲ್ಲ. ನನ್ನ ತಂದೆ ಈ ಎಂಜಿನ್ನನ್ನು ನೋಡಿಲ್ಲ, ಗಿರಣಿಯನ್ನು ಬಿಟ್ಟು ಬಂದ ದಿನವೇ ಅವರಿಗೆ ಸಂತೋಷವಾದದ್ದು. ಆ ಪಟ್ಟಿಯಲ್ಲಿರುವ ಇನ್ನೂ ನೂರಿಪ್ಪತ್ತು ಜನರೂ ಓಟು ಹಾಕಿಲ್ಲ ಅಂತ ಕಾಣುತ್ತದೆ. ಸಮಯ ನೋಡಿದರೆ ನಿಮಗೇ ಗೊತ್ತಾಗುತ್ತದೆ.”

ಕೂತುಬಿಟ್ಟೆ.

ಇಂದ್ರೇಶ, “ಡೇಟಾ ಸಿಂಕ್ ಆಗುವಾಗ ಏನೋ ತೊಂದರೆ ಆಗಿರಬೇಕು,” ಎಂದ. ನೆವಿಲ್ ಅವನ ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡು, ಸ್ನೇಹಿತರ ಓಟುಗಳನ್ನೆಲ್ಲ ಬಿಟ್ಟು, ಬೆರಳಿಟ್ಟು ನಿಧಾನವಾಗಿ ಎಣಿಸಿದರು. ಸದಸ್ಯರ ಓಟು ನಲವತ್ತೊಂದು. ಹ್ಯಾಮಿಲ್ಟನ್‌ಗೆ ಹದಿನೇಳು. ಕ್ಲಾಟನ್‌ಗೆ ಒಂದು.

ಬೈಯುತ್ತಾರೆ, ಕ್ಲಬ್ಬಿನಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಟೀ ಆರುತ್ತಿದೆ ಎಂದರು. ನೆವಿಲ್ ಮಾತ್ರ ಓದಿದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, “ಕೈ ಎತ್ತಿ ಮುಗಿಸೋಣ,” ಎಂದರು.

ಮೊದಲು ಕ್ಲಾಟನ್ ಹೆಸರು ಕೂಗಿದರು. ನಾನು ಇಂದ್ರೇಶನನ್ನೇ ನೋಡುತ್ತಿದ್ದೆ. ಈಗಲಾದರೂ ಎತ್ತುತ್ತಾನೆ ಎಂದು ನಂಬಿದ್ದೆ. ಎತ್ತಿದ್ದರೆ ಅವನ ಅರ್ಧ ತಪ್ಪನ್ನು ಅಲ್ಲೇ ಮನ್ನಿಸಿಬಿಡುತ್ತಿದ್ದೆನೇನೋ. ಅವನು ಸುತ್ತ ಕಣ್ಣಾಡಿಸಿದ. ಒಂದು ಕೈಯೂ ಮೇಲೇಳಲಿಲ್ಲ. ಆಮೇಲೆ ಹ್ಯಾಮಿಲ್ಟನ್ ಎಂದರು. ಕೈಗಳು ಎದ್ದವು. ಅವುಗಳ ಮಧ್ಯೆ, ಸ್ವಲ್ಪ ತಡವಾಗಿ, ಮೊಣಕೈ ಪೂರ್ತಿ ನೇರವಾಗದ ಒಂದು ಕೈ ಅವನದು.

ನೂರಾ ಹನ್ನೊಂದು ಜನರ ಹೆಸರು ಕದ್ದು ಗೆಲ್ಲಿಸಲು ಹೊರಟ ಎಂಜಿನ್ನಿಗೆ ತನ್ನದೊಂದು ಕೈ ಎತ್ತಲು ಅವನಿಂದ ಆಗಲಿಲ್ಲ. ಕಳ್ಳರನ್ನು ದಿನವೂ ನೋಡುತ್ತೇನೆ. ಅವರಿಗಾದರೂ ಕದ್ದ ವಸ್ತು ಬೇಕಾಗಿರುತ್ತದೆ.

ಸಂಜೆ ಅವನನ್ನು ಏರ್‌ಪೋರ್ಟಿಗೆ ಬಿಟ್ಟೆ. ದಾರಿಯಲ್ಲಿ ಅವನು ಹೇಳಿದ್ದು ಇಷ್ಟೇ: “ಹ್ಯಾಮಿಲ್ಟನ್ ಕೂಡ ಒಳ್ಳೆ ಡಿಸೈನೇ ಅಕ್ಕ.” ಕ್ಲಬ್ಬಿನವರು ಅವನನ್ನು ಉಳಿಸಿಕೊಂಡರು. ವೆಬ್‌ಸೈಟ್ ನೋಡಿಕೊಳ್ಳಲು ಅವರಿಗೆ ಇನ್ನೊಬ್ಬರು ಸಿಗಲಿಲ್ಲ.

ಮನೆಗೆ ಬಂದು ಪ್ರಾರ್ಥನಾಳಿಗೆ ಫೋನ್ ಮಾಡಿದೆ. ಬಚ್ಚಿಡದೆ ಎಲ್ಲ ಹೇಳಿದೆ. ಕೊನೆಗೆ, “ನಂದೂ ಇತ್ತಾ ಅಕ್ಕ, ಹೆಸರು?” ಎಂದು ಕೇಳಿದಳು.

ಇತ್ತು. ಅನುಮಾನ ಬರದಿರಲೆಂದು ಹತ್ತು ಹನ್ನೊಂದು ಓಟುಗಳನ್ನು ಬೇರೆ ಎಂಜಿನ್‌ಗಳಿಗೆ ಹಾಕಿದ್ದ. ಅವಳದು ಹ್ಯಾಮಿಲ್ಟನ್‌ಗೆ.

“ಕಾರಣ ಏನು ಬರೆದಿದ್ದ?”

“ಬಣ್ಣ ಚೆನ್ನಾಗಿದೆ ಅಂತ.”

“ರತ್ನವ್ವ ಆಂಟಿಗೆ ಬಾಯ್ಲರ್‌ನ ಗಾಂಭೀರ್ಯ. ನಂಗೆ ಬಣ್ಣ,” ಎಂದಳು. ಅವರ ಹನ್ನೊಂದು ವರ್ಷದ ಸಂಸಾರದಲ್ಲಿ ಅವಳ ದನಿ ಅಷ್ಟು ತಣ್ಣಗಿದ್ದದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಅವಳು ಅವನನ್ನು ಊಟದ ಟೇಬಲ್ಲಿನ ಮುಂದೆ ಕೂರಿಸಿ, ನೂರಿಪ್ಪತ್ತೆರಡು ಜನಕ್ಕೂ ಒಬ್ಬೊಬ್ಬರಿಗೇ ಕ್ಷಮೆ ಕೇಳಿ ಇಮೇಲ್ ಬರೆಸಿದಳು. ತಾಯಿಗೆ ಬರೆದದ್ದು ಅವನೇ ತೆರೆದ ಡಬ್ಬಿಗೆ ಹೋಗಿ ಬಿತ್ತು. ಅದು ಸಾಲದೆಂದು ರಾಣೆಬೆನ್ನೂರಿಗೆ ಫೋನ್ ಹಚ್ಚಿಸಿದಳು. ಅನ್ನಪೂರ್ಣವ್ವ ಪೂರ್ತಿ ಕೇಳಿ, “ಕೆಲಸ ಗಟ್ಟಿ ಐತಿಲ್ಲೋ ತಮ್ಮಾ?” ಎಂದು ಎರಡು ಸಲ ವಿಚಾರಿಸಿದರಂತೆ.

ಇಮೇಲಿಗೆ ಉತ್ತರ ಬರೆದವರು ನಾಲ್ಕು ಜನ. ಮೂವರಿಗೆ ಇದು ಯಾವುದರ ವಿಷಯವೆಂದು ತಿಳಿದಿರಲಿಲ್ಲ. ನಾಲ್ಕನೆಯವರು ನಾರ್ವೆಸ್ಟ್ ಕಡೆ ರೆಂಟ್‌ಗೆ ಎರಡು ಬೆಡ್‌ರೂಮಿನ ಮನೆ ಇದ್ದರೆ ತಿಳಿಸಿ ಎಂದು ಕೇಳಿದ್ದರು.