ನಾನ್‌ಖಟಾಯಿ ಡಬ್ಬಿ ಮತ್ತು ದೇಸಾಯಿ ಡಾಕ್ಟರು

ದೇಸಾಯಿ ಡಾಕ್ಟರ ಮನೆಯಿಂದ ಬರಿಗೈಯಲ್ಲಿ ಹೊರಬಿದ್ದವರ ಮುಖ ನೋಡಬೇಕಿತ್ತು. ಮದುವೆಮನೆಯಲ್ಲಿ ಊಟ ಮುಗಿದುಹೋಯಿತು ಅಂತ ಹೇಳಿಸಿಕೊಂಡವರ ಹಾಗಿರುತ್ತಿತ್ತು. ಗಂಟಲು ನೋವು ಅಂತ ಹೋದವರಿಗೆ ಉಪ್ಪುನೀರು, ನೆಗಡಿ ಅಂತ ಹೋದವರಿಗೆ ಹಬೆ, ಜ್ವರ ಅಂತ ಹೋದವರಿಗೆ ಗಂಜಿ ಮತ್ತು ಒಂದು ಪ್ಯಾರಾಸಿಟಮಾಲ್. ಇನ್ನೂ ಏನಾದರೂ ಬರೆದುಕೊಡಿ ಅಂದರೆ ಕನ್ನಡಕವನ್ನು ಹಣೆಗೇರಿಸಿ, "ಔಷಧ ಅಂದ್ರ ಪ್ರಸಾದ ಅಲ್ರೀ, ಬಂದವರಿಗೆಲ್ಲಾ ಹಂಚ್ಲಿಕ್ಕೆ" ಎನ್ನುತ್ತಿದ್ದರು.

ರೈಲ್ವೆಯಲ್ಲಿ ಡಾಕ್ಟರಾಗಿದ್ದು ನಿವೃತ್ತರಾದವರು. ವಡೋದರಾದ ಅಲ್ಕಾಪುರಿಯಲ್ಲಿ ನಾವಿದ್ದ ಹೌಸಿಂಗ್ ಸೊಸೈಟಿಯಲ್ಲೇ, ನಮ್ಮ ಕೆಳಗಿನ ಮಹಡಿಯಲ್ಲಿ, ಹೆಂಡತಿ ಸುಮತಿ ಕಾಕು ಜೊತೆ ಇದ್ದರು. ಬಾಗಿಲ ಮೇಲಿನ 'ದೇಸಾಯಿ' ಎಂಬ ಹೆಸರು ನೋಡಿ ಗುಜರಾತಿಗಳೆಲ್ಲ ನಮ್ಮವರೇ ಅಂತ ನುಗ್ಗುತ್ತಿದ್ದರು. "ಸಾಹೇಬ್, ಸ್ಟ್ರಾಂಗ್ ಗೋಳಿ ಆಪೋ ನೆ" ಅಂತ ಜೋರಾದ ಮಾತ್ರೆ ಬೇಡುತ್ತಿದ್ದರು. ಇವರು ನಿಧಾನವಾಗಿ, ತಪ್ಪುತಪ್ಪು ಗುಜರಾತಿಯಲ್ಲಿ, ತಾವು ಧಾರವಾಡದ ದೇಸಾಯಿ ಎಂದೂ ಸ್ಟ್ರಾಂಗ್ ಆಗಿ ತಮ್ಮಲ್ಲಿರುವುದು ಚಹಾ ಮಾತ್ರವೆಂದೂ ತಿಳಿಸುತ್ತಿದ್ದರು. ಅದನ್ನು ಕುಡಿಸಿಯೇ ಕಳಿಸುತ್ತಿದ್ದರು. ಕುಡಿದವರು ನೇರವಾಗಿ ಮೂಲೆಯ ಮೆಡಿಕಲ್ ಸ್ಟೋರಿಗೆ ಹೋಗಿ ತಮಗೆ ಬೇಕಾದ್ದನ್ನು ಕೊಂಡುಕೊಳ್ಳುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಯಾರ ಕೈಯಲ್ಲಾದರೂ ತಾನಾಗಿ ತಂದುಕೊಂಡ ಆಂಟಿಬಯಾಟಿಕ್ ಕಂಡರೆ ಮಾತಿಲ್ಲದೆ ಅಂಗೈ ಚಾಚುತ್ತಿದ್ದರು. ತರಗತಿಯಲ್ಲಿ ಗೋಲಿ ಆಡುವವನ ಮುಂದೆ ಮೇಷ್ಟ್ರು ಕೈ ಚಾಚುತ್ತಾರಲ್ಲ, ಹಾಗೆ. ಕೊಡುವ ತನಕ ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ನನ್ನ ಮಗಳು ನಿಧಿಗೆ ಮಳೆಗಾಲದಲ್ಲಿ ಜ್ವರ ಬಂದು ಇಳಿಯದೇ ಇದ್ದಾಗ ನಮ್ಮೆಜಮಾನರು ಗಾಬರಿಯಾಗಿ ಮೆಡಿಕಲ್ ಸ್ಟೋರಿನಿಂದ ಒಂದು ಸ್ಟ್ರಿಪ್ ತಂದರು. ಮೆಟ್ಟಿಲ ಮೇಲೆ ಡಾಕ್ಟರು ಸಿಕ್ಕಿ ಕೈ ಚಾಚಿದರು. ಇವರು ಕೊಟ್ಟು ಬಂದರು! ನನಗೆ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದು ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ.

ಅವರು ಕೇಳಿಸಿಕೊಂಡರು. ಆಮೇಲೆ ಸ್ಟೆತಸ್ಕೋಪ್ ಕುತ್ತಿಗೆಗೆ ಹಾಕಿಕೊಂಡು ನನ್ನ ಹಿಂದೆಯೇ ಮೇಲೆ ಬಂದರು. "ತುಮಕೂರು ತಂಗಿ, ಬೈಯೂದು ಆತಿಲ್ಲೋ? ಈಗ ಕೂಸಿನ ಹತ್ರ ಕೂಡೂಣು. ಇದು ವೈರಸ್ ಜ್ವರ. ನಿನ್ನ ಗಂಡ ತಂದಿದ್ದ ಗುಳಗಿ ವೈರಸ್ಸಿಗೆ ಏನೂ ಮಾಡಂಗಿಲ್ಲ. ಮುಂದ ಖರೇನ ಬೇಕಾದಾಗ ಇಕಿಗೆ ಕೆಲಸಕ್ಕ ಬರಬೇಕಲ್ಲ ಅದು?" ಅಂದರು. ರಕ್ತ ಪರೀಕ್ಷೆಗೆ ತಾವೇ ಹೇಳಿದರು, ಬೆಳಿಗ್ಗೆ ಸಂಜೆ ತಾವೇ ಬಂದು ನಾಡಿ ಹಿಡಿದರು, ನೀರು ಕುಡಿಸಿದರು. ಜ್ವರ ತಾನಾಗಿ ಇಳಿಯಿತು. ಆದರೆ ಅದೇ ಚಳಿಗಾಲದಲ್ಲಿ ಅವಳಿಗೆ ಕಿವಿ ಸೋರಿದಾಗ ಡಾಕ್ಟರು ನಾನು ಕೇಳುವ ಮೊದಲೇ ಆಂಟಿಬಯಾಟಿಕ್ ಬರೆದರು. ಕೋರ್ಸ್ ಮುಗಿಯುವ ತನಕ ದಿನವೂ ಬಾಗಿಲು ತಟ್ಟಿ ವಿಚಾರಿಸಿದರು. "ಡಾಕ್ಟರ್ ಅಜ್ಜಾ, ಮೇರಾ ಕಾನ್ ಠೀಕ್ ಆಗಿದೆ, ಅಬ್ ಬಸ್" ಅಂತ ನಿಧಿ ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಗೋಗರೆದರೂ ಬಿಡಲಿಲ್ಲ. "ಅರ್ಧಾ ಹೊಡದು ಬಿಟ್ರ ಕಳ್ಳ ಶಾಣ್ಯಾ ಆಗ್ತಾನವ್ವಾ, ಪೂರಾ ತಗೋ" ಅಂತ ಎದುರು ನಿಂತು ನುಂಗಿಸಿದರು.

ಡಬ್ಬಿಯ ವಿಷಯ ಈಗ ಹೇಳಬೇಕು. ಬ್ಯಾಂಕು, ರೈಲ್ವೆ, ವಿಮೆ ಅಂತ ವರ್ಗವಾಗಿ ವಡೋದರಾಕ್ಕೆ ಬರುವ ನಮ್ಮ ಕನ್ನಡದ ಸಂಸಾರಗಳಲ್ಲಿ ಒಂದು ರೂಢಿ ಇತ್ತು. ಊರು ಬಿಟ್ಟು ಹೋಗುವವರು ಉಳಿದ ಹುಳಿಪುಡಿ, ಇಂಗು, ಕೆಲಸದವಳ ಫೋನ್ ನಂಬರು ಎಲ್ಲವನ್ನೂ ಇಲ್ಲಿರುವವರಿಗೆ ದಾಟಿಸಿ ಹೋಗುತ್ತಿದ್ದರು. ಜೊತೆಗೆ ಮನೆಯಲ್ಲಿ ಉಳಿದ ಮಾತ್ರೆಗಳನ್ನೂ. ಅವೆಲ್ಲ ಸೇರುತ್ತಿದ್ದದ್ದು ವಿಮಲಕ್ಕನ ನಾನ್‌ಖಟಾಯಿ ಡಬ್ಬಿಗೆ. ವಿಮಲಕ್ಕ ಹಾಸನದ ಕಡೆಯವರು, ಬ್ಯಾಂಕಿನವರ ಹೆಂಡತಿ, ವಡೋದರಾದಲ್ಲೇ ಬೇರುಬಿಟ್ಟವರು. ಸೂರತ್‌ನಿಂದ ಯಾರೋ ತಂದ ಬಿಸ್ಕತ್ತಿನ ತಗಡಿನ ಡಬ್ಬಿ ಅದು. ಅರ್ಧ ಸ್ಟ್ರಿಪ್ಪು, ಕಾಲು ಸ್ಟ್ರಿಪ್ಪು, ಹೆಸರು ಹರಿದುಹೋದದ್ದು, ಎಲ್ಲ ಅದರೊಳಗೆ. ಹೊಸದಾಗಿ ಬಂದವರ ಮಗು ಸೀನಿದರೆ ಸಾಕು, ವಿಮಲಕ್ಕ ಡಬ್ಬಿ ಹಿಡಿದು ಹಾಜರು. "ಒಂದು ತಗೋಮ್ಮ, ಏನಾಗಲ್ಲ. ನಮ್ಮ ಶ್ರೀಧರನಿಗೂ ಇದೇ ಕೊಟ್ಟಿದ್ದು" ಎನ್ನುವ ಅವರ ದನಿಯಲ್ಲಿ ಎಷ್ಟು ಪ್ರೀತಿ ಇರುತ್ತಿತ್ತೆಂದರೆ, ಬೇಡವೆಂದವರೇ ಕೆಟ್ಟವರಾಗಬೇಕು.

ಒಂದು ಯುಗಾದಿಗೆ ವಿಮಲಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಒಬ್ಬಟ್ಟು ಬಡಿಸುವ ಮೊದಲೇ ಯಾರದೋ ಹೊಟ್ಟೆ ಕೆಟ್ಟಿತ್ತೆಂದು ಡಬ್ಬಿ ಹೊರಬಂತು. ಡಾಕ್ಟರು ಎದ್ದು ಅಂಗೈ ಚಾಚಿದರು. ವಿಮಲಕ್ಕ ನಕ್ಕರು, ತಮಾಷೆ ಅಂದುಕೊಂಡರು. ಕೈ ಹಾಗೇ ಇತ್ತು. ಕೊನೆಗೆ ಡಬ್ಬಿ ಕೊಟ್ಟರು. ಡಾಕ್ಟರು ಅದನ್ನು ಊಟದ ಮೇಜಿನ ಮೇಲೆ ಸುರಿದು, ಒಂದೊಂದೇ ಎತ್ತಿ ಹೆಸರು ಹೇಳತೊಡಗಿದರು.

"ಇದು ಸಿಪ್ರೊಫ್ಲಾಕ್ಸಾಸಿನ್. ಇದು ಸೆಫಿಕ್ಸಿಮ್. ಇದು ಅಮಾಕ್ಸಿಕ್ಲಾವ್. ಒಂದೂ ಪೂರಾ ಕೋರ್ಸ್ ಇಲ್ಲ. ಯಾರೋ ಅರ್ಧಾ ತಿಂದು ಬಿಟ್ಟದ್ದು, ಇನ್ಯಾರೋ ಒಂದು ತಿನ್ಲಿಕ್ಕೆ ಇಟ್ಟದ್ದು. ವಿಮಲಾಬಾಯಿ, ನೀವು ಜಡ್ಡಿಗೆ ಔಷಧ ಕೊಡ್ಲಿಕ್ಕೆ ಹತ್ತಿಲ್ರೀ. ಕ್ರಿಮಿಗೆ ಟ್ರೇನಿಂಗ್ ಕೊಡ್ಲಿಕ್ಕೆ ಹತ್ತೀರಿ."

ವಿಮಲಕ್ಕ ಅತ್ತರು. ಹಬ್ಬದ ದಿನ ಹೆಂಗಸಿನ ಕಣ್ಣಲ್ಲಿ ನೀರು ಹಾಕಿಸಿದ ಡಾಕ್ಟರನ್ನು ಆಮೇಲೆ ಗಣೇಶನ ಹಬ್ಬಕ್ಕೂ ಯಾರೂ ಕರೆಯಲಿಲ್ಲ. ಡಬ್ಬಿಯನ್ನು ಅವರು ಒಯ್ದಿದ್ದರು. ದೀಪಾವಳಿಯೊಳಗೆ ಹೊಸ ಡಬ್ಬಿ ತುಂಬಿತ್ತು. ನಗುತ್ತಾ ಆ ಸುದ್ದಿ ನನಗೆ ಹೇಳಿದವರು ಕಾಲೇಜಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವರು.

ಹಾಗಂತ ಡಾಕ್ಟರು ವಿಮಲಕ್ಕನೊಬ್ಬರ ಮೇಲೆ ಯುದ್ಧ ಸಾರಿದವರಲ್ಲ. ಚೀಟಿಯಿಲ್ಲದೆ ಇಂಥ ಮಾತ್ರೆ ಮಾರಬಾರದೆಂದು ಕಾನೂನಿದೆ, ಅದನ್ನು ನಡೆಸಿ ಅಂತ ಸರ್ಕಾರಿ ಕಚೇರಿಗೆ ಅಲೆದರು. ಅಲ್ಲಿ ಅವರನ್ನು ಮರ್ಯಾದೆಯಿಂದ ಕೂರಿಸಿ, ತಪಾಸಣೆಗೆ ಜನವೇ ಇಲ್ಲ ಅಂದರು. ಆಂಟಿಬಯಾಟಿಕ್ ಜಾಗೃತಿ ಸಪ್ತಾಹ ಬಂದಾಗ ಮಾತ್ರ ಜನ ಸಿಕ್ಕರು. ವೇದಿಕೆ, ಬ್ಯಾನರು, ಸಮೋಸ ಎಲ್ಲ ಸಿಕ್ಕಿತು. ಡಾಕ್ಟರಿಗೆ ಶಾಲು ಹೊದಿಸಿದರು. ನಾನೂ ಹೋಗಿದ್ದೆ. ಬ್ಯಾನರಿನ ಕೆಳಗೆ ಪ್ರಾಯೋಜಕರ ಹೆಸರಿತ್ತು. ನಮ್ಮ ಮೂಲೆಯ ಮೆಡಿಕಲ್ ಸ್ಟೋರು! ಡಾಕ್ಟರು ಶಾಲು ಮಡಚಿ ಕುರ್ಚಿಯ ಮೇಲಿಟ್ಟು, ಭಾಷಣ ಮಾಡದೆ ಇಳಿದುಬಂದರು. ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಬಂದೆವು. ಗೇಟಿನ ಹತ್ತಿರ ಇಳಿಯುವಾಗ, "ಸಮೋಸಾ ಛಲೋ ಇತ್ತು" ಅಂದರು. ಅವರ ಬಾಯಿಂದ ಅಂಥ ಕಹಿಯಾದ ಮಾತನ್ನು ನಾನು ಮೊದಲ ಸಲ ಕೇಳಿದ್ದು.

ಕಳೆದ ವರ್ಷ ಡಾಕ್ಟರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಹೋಟೆಲಿನಂಥ ಜಾಗ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆದರು ಕೂಡ. ಆಮೇಲೆ ಗಾಯ ಕೀವು ಕಟ್ಟಿತು, ಜ್ವರ ಹತ್ತಿತು. ನಾನು ಕಾಕುವಿಗೆ ಜೊತೆಯಾಗಿ ಅಲ್ಲಿಗೆ ಹೋದ ದಿನ ಕೀವಿನ ಪರೀಕ್ಷೆಯ ವರದಿ ಬಂದಿತ್ತು. ಯಾವ ಔಷಧಕ್ಕೆ ಕ್ರಿಮಿ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಅಂತ ತಿಳಿಸುವ ವರದಿ. ಡಾಕ್ಟರಿಗೆ ಕಣ್ಣು ಮಂಜಾಗಿತ್ತು. "ಓದು ತಂಗಿ" ಅಂದರು.

"ಸಿಪ್ರೊಫ್ಲಾಕ್ಸಾಸಿನ್... ಜಗ್ಗಲ್ಲ ಅಂತಿದೆ" ಅಂದೆ.

"ಡಬ್ಬ್ಯಾಗಿತ್ತು" ಅಂದರು.

"ಸೆಫಿಕ್ಸಿಮ್. ಜಗ್ಗಲ್ಲ."

"ಡಬ್ಬ್ಯಾಗಿತ್ತು."

"ಅಮಾಕ್ಸಿಕ್ಲಾವ್. ಇದಕ್ಕೂ ಇಲ್ಲ."

"ಅದೂ ಇತ್ತು. ಮುಂದ?"

"ಮೆರೊಪೆನೆಮ್. ಇಲ್ಲ, ಡಾಕ್ಟ್ರೇ."

ಅವರು ಕಣ್ಣು ಮುಚ್ಚಿದರು. "ಇದು ವಿಮಲಾಬಾಯಿ ಡಬ್ಬ್ಯಾಗ ಇರಲಿಲ್ಲ ತಂಗಿ. ಇಂಜೆಕ್ಷನ್ ಇದು. ಇದನ್ನ ಕೆಡಿಸಿದವರು ನಾವು, ಡಾಕ್ಟರ್ ಮಂದಿ."

ಉಳಿದ ಒಂದೇ ಒಂದು ಔಷಧ ಮೂತ್ರಪಿಂಡಕ್ಕೆ ಹೊಡೆತ ಕೊಡುವಂಥದ್ದು. ಅದನ್ನೂ ಹಾಕಿದರು. ಮೂತ್ರಪಿಂಡ ಸೋತಿತು, ಕ್ರಿಮಿ ಸೋಲಲಿಲ್ಲ. ಸೋಂಕು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಆಸ್ಪತ್ರೆಯವರು, ವಯಸ್ಸಾದವರಲ್ಲಿ ಹೀಗೆಲ್ಲ ಆಗುತ್ತದೆ ಅಂದರು. ಸಾವಿಗೆ ಕಾರಣ ಹೃದಯ ನಿಂತದ್ದು ಅಂತ ಬರೆದುಕೊಟ್ಟರು. ಯಾರ ಹೃದಯ ನಿಲ್ಲದೆ ಸಾವು ಬರುತ್ತದೆ? ಜೀವಮಾನವೆಲ್ಲ ಅವರು ಯಾವುದರ ವಿರುದ್ಧ ಕೂಗಿದರೋ ಅದೇ ಅವರನ್ನು ಕೊಂದಿತು, ಆ ಮಾತು ಮಾತ್ರ ಎಲ್ಲೂ ದಾಖಲಾಗಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ವೈಕುಂಠ ಸಮಾರಾಧನೆಗೆ ಕನ್ನಡದವರೆಲ್ಲ ಬಂದಿದ್ದರು. ಹಬ್ಬಕ್ಕೆ ಕರೆಯದೆ ಬಿಟ್ಟವರೂ ಬಂದು, ಎಂಥ ದೊಡ್ಡ ಮನುಷ್ಯ ಅಂದರು. ವಿಮಲಕ್ಕ ನಿಜವಾಗಿಯೂ ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದರು. ಅವರದು ನಾಟಕವಲ್ಲ, ಯಾವತ್ತೂ ಆಗಿರಲಿಲ್ಲ. ಊಟವಾದ ಮೇಲೆ ಡಾಕ್ಟರ ಫೋಟೋದ ಕೆಳಗೆ ಎಲ್ಲರೂ ಕೂತಿದ್ದಾಗ, ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕಿನವರ ಮಗಳು ಊದುಬತ್ತಿಯ ಹೊಗೆಗೆ ಕೆಮ್ಮಿದಳು.

ವಿಮಲಕ್ಕ ಚೀಲಕ್ಕೆ ಕೈಹಾಕಿ ಅರ್ಧ ಸ್ಟ್ರಿಪ್ ತೆಗೆದರು. "ಒಂದು ತಗೋ ಪುಟ್ಟಿ, ಸಾಯಂಕಾಲಕ್ಕೆ ಸರಿಹೋಗತ್ತೆ."

ಎದುರಿಗೆ ಕೂತಿದ್ದ ಕಾಕು ಮಾತಿಲ್ಲದೆ ಅಂಗೈ ಚಾಚಿದರು. ಡಾಕ್ಟರು ಚಾಚುತ್ತಿದ್ದ ಹಾಗೆಯೇ. ಕೈ ಹಿಂದಕ್ಕೆ ಹೋಗಲಿಲ್ಲ.

ವಿಮಲಕ್ಕ ಅವರನ್ನು ಮರುಕದಿಂದ ನೋಡಿದರು. "ಅಯ್ಯೋ, ನಿಮಗೂ ಮೈ ಸರಿಯಿಲ್ವಾ ಕಾಕು? ಮೊದಲೇ ಹೇಳಬಾರದಿತ್ತಾ" ಅನ್ನುತ್ತಾ, ಒಂದು ಮಾತ್ರೆ ಬಿಡಿಸಿ ಆ ಅಂಗೈಯಲ್ಲಿಟ್ಟರು.