ಅಪ್ಪಂದಿರ ಆಟಕ್ಕೆ ಅಜ್ಜಿಯ ಕವಡೆ

ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವನು. ಅದು ಹೊಟ್ಟೆಪಾಡು. ಮನಸ್ಸು ಮಾತ್ರ ಚಿಕ್ಕಂದಿನಿಂದಲೂ ಬಾಹ್ಯಾಕಾಶದ ಕತೆ, ರೋಬೋಟು, ಕಾಮಿಕ್ಸು, ದಾಳ ಹಾಕಿ ಕತೆ ಕಟ್ಟುವ ಆಟ ಇವುಗಳ ಹಿಂದೆಯೇ ಓಡಿಕೊಂಡಿದೆ. ಮದುವೆಯಾದರೆ ಈ ಹುಚ್ಚು ಬಿಟ್ಟುಹೋಗುತ್ತದೆ ಎಂದರು. ಹೋಗಲಿಲ್ಲ. ಮಗಳು ಹುಟ್ಟಿದ ಮೇಲೆ ಇನ್ನೂ ಜಾಸ್ತಿಯಾಯಿತು, ಯಾಕೆಂದರೆ ಜೊತೆಗೆ ಆಡಲು ಮನೆಯಲ್ಲೇ ಒಬ್ಬಳು ಸಿಕ್ಕಿದ್ದಳು.

ಅವಳು ಒಂದನೇ ತರಗತಿಗೆ ಸೇರಿದ ವರ್ಷ ಬ್ಲಾಗ್ ಶುರು ಮಾಡಿದೆ. ಅಪ್ಪಂದಿರಿಗೆಂದು ಕನ್ನಡದಲ್ಲಿ ಏನಾದರೂ ಇದೆಯೇ ಎಂದು ಹುಡುಕಿದರೆ ವಿಮೆ, ಶಾಲೆಯ ಸೀಟು, ಶಿಸ್ತು ಇಷ್ಟೇ ಸಿಗುತ್ತಿತ್ತು. ನನ್ನಂಥ ಅಪ್ಪಂದಿರು ಇನ್ನೂ ಇದ್ದಾರೆ ಎಂಬ ಧೈರ್ಯದ ಮೇಲೆ ಬರೆಯತೊಡಗಿದೆ. ಫ್ರಿಜ್ ಬಂದ ರಟ್ಟಿನ ಡಬ್ಬದಲ್ಲಿ ಗಗನನೌಕೆ ಮಾಡುವ ಬಗೆ, ಯಾವ ವಯಸ್ಸಿಗೆ ಯಾವ ಕಾಮಿಕ್ಸು, ರೋಬೋಟಿನ ಚಕ್ರ ಕಿತ್ತುಹೋಗಿ ಅಳುತ್ತಿರುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ರಿಪೇರಿ ಮಾಡುವುದು, ಇಂಥವು. ನನ್ನ ಊಹೆ ಸರಿಯಿತ್ತು. ಓದುವವರು ಬಂದರು, ಬಂದವರು ಉಳಿದರು.

ಮಗಳು ನಾಲ್ಕನೇ ತರಗತಿಗೆ ಬಂದ ವರ್ಷ ದಾಳದ ಆಟದ ಬಗ್ಗೆ ಬರೆದಾಗ ಕೆಲವರು ಒಟ್ಟಿಗೆ ಆಡೋಣ ಎಂದರು. ಆ ಆಟದಲ್ಲಿ ಒಬ್ಬರು ಕತೆ ಹೇಳುತ್ತಾರೆ, ಉಳಿದವರು ಕತೆಯೊಳಗಿನ ಪಾತ್ರಗಳಾಗುತ್ತಾರೆ. ಬಾಗಿಲು ಒಡೆಯುತ್ತೀರೋ ಕಿಟಕಿ ಹತ್ತುತ್ತೀರೋ ನಿಮ್ಮಿಷ್ಟ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ದಟ್ಟಗಳ್ಳಿಯ ನಮ್ಮ ಮನೆಗೇ ಬನ್ನಿ ಎಂದೆ. ಅವರೆಕಾಯಿಯ ಕಾಲದ ಒಂದು ಭಾನುವಾರ ಬೆಳಿಗ್ಗೆ ಮೂವರು ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬಂದರು. ಒಬ್ಬರು ಕಾಲೇಜಿನ ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಇನ್ನೊಬ್ಬರದು ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ. ನನ್ನ ಹೆಂಡತಿಗೆ ಅಂದು ಆಸ್ಪತ್ರೆಯಲ್ಲಿ ಡ್ಯೂಟಿ. ಮನೆಯಲ್ಲಿ ನಾನು, ಮಗಳು, ನನ್ನ ಅವ್ವ.

ತಾರಸಿಯ ಮೇಲೆ ಜಮಖಾನ ಹಾಸಿ ಕೂತೆವು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ತಕರಾರು ಎದ್ದಿತು. ಕತೆಯೊಳಗೆ ಮಳೆ ಸುರಿಯುತ್ತಿತ್ತು. ಬ್ಯಾಂಕಿನವರು ಬೆಂಕಿಯ ಮಂತ್ರ ಹಾಕಿದರು. ಮಳೆಯಲ್ಲಿ ಅದು ನಡೆಯುತ್ತದೋ ಇಲ್ಲವೋ?

"ನಡೆಯುತ್ತೆ ಸಾರ್, ನಿಯಮದ ಪುಸ್ತಕದಲ್ಲೇ ಇದೆ ನೋಡಿ."

"ಅದು ಹಳೇ ಪುಸ್ತಕ ಕಣ್ರೀ. ಹೊಸದ್ರಲ್ಲಿ ನಿಯಮಾನೇ ಬದಲಾಗ್ಬುಟ್ಟಿದೆ!" ಎಂದರು ಮೇಷ್ಟ್ರು.

ನಾನೂ ಸುಮ್ಮನಿರಲಿಲ್ಲ. ನಾಲ್ವರೂ ಪುಟ ತಿರುವುತ್ತಾ ಅದೆಷ್ಟು ಆನಂದದಿಂದ ವಾದ ಮಾಡುತ್ತಿದ್ದೆವೆಂದರೆ ಮಕ್ಕಳು ಇದ್ದಾರೆ ಎಂಬುದೇ ಮರೆತಿತ್ತು. ಮಗಳು ಎದ್ದು ನಿಂತಳು.

"ಅಪ್ಪ, ನಾವೆಲ್ಲ ಕೆಳಗೆ ಹೋಗ್ತೀವಿ. ಮಳೆ ನಿಂತ್ಮೇಲೆ ಕೂಗು."

ನಾವು ನಕ್ಕೆವು. ಮತ್ತೆ ಪುಸ್ತಕಕ್ಕೆ ತಲೆ ಹಾಕಿದೆವು.

ಕೆಳಗಿನಿಂದ ಒಂದೇ ಸಮನೆ ನಗು ಕೇಳತೊಡಗಿದಾಗಲೇ ನಮ್ಮ ವಾದ ನಿಂತದ್ದು. ನಗುವಿನ ನಡುವೆ ಅವ್ವನ ದನಿ: "ಸುಳ್ ಹೇಳ್ಬೇಡ ಕಣೇ, ಆ ಬಾಗ್ಲು ಆಗ್ಲೇ ತೆಗ್ದಿತ್ತು!"

ಇಳಿದು ಬಂದು ನೋಡಿದರೆ ಅವ್ವ ಹಜಾರದ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಾಳೆ. ಸುತ್ತ ಮಕ್ಕಳು. ದಾಳಗಳೆಲ್ಲ ತಾರಸಿಯಲ್ಲಿ ನಮ್ಮ ಹತ್ತಿರವೇ ಇದ್ದುದರಿಂದ ಅವ್ವನ ಚೌಕಾಬಾರದ ಕವಡೆಗಳು ಹೊರಗೆ ಬಂದಿದ್ದವು. ಅವಳು ಅಗರಬತ್ತಿ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ ಕಾಲದಿಂದಲೂ ಚೌಕಾಬಾರದಲ್ಲಿ ಅವ್ವನನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ನನ್ನ ಆಟಗಳನ್ನು ಮಾತ್ರ ಅವಳು "ಕಾಯೂ ಇಲ್ಲ, ಮನೇನೂ ಇಲ್ಲ, ಅದೂ ಒಂದ್ ಆಟ್ವಾ" ಎಂದು ತಳ್ಳಿಹಾಕುತ್ತಿದ್ದಳು. ಈಗ ಅವಳು ನನ್ನ ಮಗಳು ಕಟ್ಟಿದ ಚಂದ್ರಲೋಕದಲ್ಲಿ ಕಳ್ಳಿಯ ಪಾತ್ರ ವಹಿಸಿದ್ದಳು.

ಕತೆ ಹೀಗಿತ್ತು. ಚಂದ್ರನ ಮೇಲೊಂದು ಊರು. ಊರಿಗೆ ನೀರು ಬರುವ ಕೊಳವೆಯ ಮೇಲೆ ಕಬ್ಬಿಣದ ದೈತ್ಯ ಬಂದು ಕೂತಿದೆ. ನಲ್ಲಿಗಳೆಲ್ಲ ಒಣಗಿವೆ.

"ಅಂಕಲ್, ನೀವೆಲ್ಲ ಈಗಷ್ಟೇ ಊರಿಗೆ ಬಂದಿದ್ದೀರ. ಇಲ್ಲೇ ಕೂತ್ಕೊಳ್ಳಿ" ಎಂದು ಮಗಳು ನಮಗೆ ಜಾಗ ತೋರಿಸಿದಳು.

ಬ್ಯಾಂಕಿನವರು ಕೂತವರೇ, "ನಾನು ಬೆಂಕಿ ಮಂತ್ರ ಹಾಕ್ತೀನಿ" ಎಂದರು.

"ಚಂದ್ರನ ಮೇಲೆ ಗಾಳಿ ಇಲ್ಲ ಅಂಕಲ್. ಬೆಂಕಿ ಹತ್ತಲ್ಲ."

ಮೇಷ್ಟ್ರು ಜೋರಾಗಿ ಚಪ್ಪಾಳೆ ತಟ್ಟಿದರು.

ಅವ್ವ ಕಾಳು ಹಿತುಕುವುದನ್ನು ನಿಲ್ಲಿಸದೆ ಕೇಳಿದಳು: "ಅದ್ಯಾಕ್ ಬಂದು ಅಲ್ಲಿ ಕೂತದೆ?"

ಮಗಳು ಕೈಯಲ್ಲಿದ್ದ ಕವಡೆಗಳನ್ನು ನೆಲದ ಮೇಲಿಟ್ಟಳು. ಅದನ್ನು ಅವಳು ಯೋಚಿಸಿರಲಿಲ್ಲ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಆಡಿದ ನಾವು ಯಾರೂ ಯಾವ ರಾಕ್ಷಸನ ಬಗ್ಗೆಯೂ ಈ ಪ್ರಶ್ನೆ ಕೇಳಿದವರಲ್ಲ. ಕಂಡ ಕೂಡಲೇ ಕತ್ತಿ ಹಿರಿಯುವವರು.

"ಅದಕ್ಕೆ ಕಾಲು ಮುರಿದಿದೆ ಅಜ್ಜಿ" ಎಂದಳು ನಿಧಾನಕ್ಕೆ. "ಎದ್ದೇಳಕ್ಕೆ ಆಗ್ತಿಲ್ಲ."

"ಅಂಗನ್ನು ಮತ್ತೆ! ಕಬ್ಬಿಣದ ಕಾಲ್ ತಾನೆ? ನನ್ ಮಗ ಅವ್ನೆ, ಮೇಟಗಳ್ಳೀಲಿ ಅದೇ ಕೆಲ್ಸ ಅವಂದು. ಕರೀರಿ ಅವನ್ನ."

ನನ್ನ ಕೆಲಸ ಏನೆಂದು ಅವ್ವ ಯಾವತ್ತೂ ಕೇಳಿದವಳಲ್ಲ, ಆದರೆ ಅವಳಿಗೆ ಗೊತ್ತಿತ್ತು.

"ಅಪ್ಪ, ಕವಡೆ ಹಾಕು" ಎಂದಳು ಮಗಳು. "ಬಾರ ಬಿದ್ರೆ ಮಾತ್ರ ಕಾಲು ಸರಿಹೋಗತ್ತೆ."

ಬಾರ ಎಂದರೆ ಎಲ್ಲ ಕವಡೆಗಳೂ ಬೋರಲಾಗಿ ಬೀಳಬೇಕು. ಹಾಕಿದೆ. ಒಂದು ಬಾಯಿ ಮೇಲಾಗಿ ಬಿತ್ತು.

"ಎಂಗ್ ಹಾಕ್ತೀಯೋ, ಕಡ್ಲೆಪುರಿ ಚೆಲ್ಲಿದಂಗೆ! ಕೈ ತಿರುಗ್ಸು" ಎಂದು ಅವ್ವ ಗದರಿದಳು. ಮಕ್ಕಳೆಲ್ಲ ದೈತ್ಯನ ಕಾಲು ಹಿಡಿದುಕೊಂಡರೆ ಇನ್ನೊಂದು ಸಲ ಹಾಕಬಹುದು ಎಂದು ಮಗಳು ತೀರ್ಪು ಕೊಟ್ಟಳು. ಮಕ್ಕಳು ಪಾತ್ರೆ ಅಂಗಡಿಯವರ ಕಾಲನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಎರಡನೇ ಸಲಕ್ಕೆ ಬಾರ ಬಿತ್ತು. ಅಂಗಡಿಯವರು ದೈತ್ಯನ ಹಾಗೆ ಗುಡುಗುತ್ತಾ ಎದ್ದು ನಿಂತರು. ಅವರ ಪುಟ್ಟ ಮಗಳು "ನೀರ್ ಬಂತು!" ಎಂದು ಅಡುಗೆಮನೆಗೆ ಓಡಿ ನಲ್ಲಿ ತಿರುಗಿಸಿ ನೋಡಿದಳು. ನಿಜಕ್ಕೂ ಬರುತ್ತಿತ್ತು.

ಮಧ್ಯಾಹ್ನ ಎಲ್ಲರೂ ಅಲ್ಲೇ ಕೂತು ಹಿತಕಿದ ಅವರೆಬೇಳೆ ಸಾರಿನಲ್ಲಿ ಮುದ್ದೆ ಉಂಡೆವು. ನಿಯಮದ ಪುಸ್ತಕಗಳು ತಾರಸಿಯಲ್ಲೇ ಬಿಸಿಲು ಕಾಯುತ್ತಿದ್ದವು.

ಅಂದು ಸಂಜೆಯೇ ಬ್ಲಾಗಿಗೆ ಬರೆದೆ. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರನ್ನು ಆಟಕ್ಕೆ ಕೂರಿಸಿ, ಅವರು ಕೇಳುವ ಪ್ರಶ್ನೆಗೆ ಉತ್ತರ ಹುಡುಕಿ, ಕತೆ ತಾನಾಗಿ ಬೆಳೆಯುತ್ತದೆ ಎಂದೆ. ನನ್ನ ಬರಹಗಳಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ. ಆಮೇಲೆ ನಮ್ಮ ಭಾನುವಾರಗಳಿಗೆ ಮೇಷ್ಟ್ರು ತಮ್ಮ ಮಾವನವರನ್ನೂ ಕರೆತಂದರು, ಬ್ಯಾಂಕಿನವರು ಅತ್ತೆಯನ್ನೂ.

ಆ ಬರಹವನ್ನು ಪ್ರಕಟಿಸುವ ಮೊದಲು ಮಗಳಿಗೆ ಓದಲು ಕೊಟ್ಟಿದ್ದೆ. "ನಾನು ಮಗಳಿಗೆ ಕಲಿಸಿದ ಆಟ" ಎಂಬ ಸಾಲಿನ ಮೇಲೆ ಅವಳು ಬೆರಳಿಟ್ಟಳು.

"ಇದು ತಪ್ಪಪ್ಪ. ಕಬ್ಬಿಣದ ದೈತ್ಯನ ಆಟ ನಾನೇ ಮಾಡಿದ್ದು. ಸ್ವಲ್ಪ ಅಜ್ಜಿ."

ಅವಳು ಹೇಳಿದಂತೆಯೇ ತಿದ್ದಿದೆ.